ಊರಲ್ಲಿ ಮನೆ, ನಿಲ್ದಾಣದಲ್ಲಿ ಹಾಸಿಗೆ

ಪ್ರಶ್ನೆ: ರಾಯಚೂರು ಬಸ್ ನಿಲ್ದಾಣದಲ್ಲಿ ಮಲಗುವ ಹಲವರಿಗೆ ಊರಲ್ಲಿ ಮನೆಯಿದೆಯಂತೆ. ಅವರೂ ವಸತಿರಹಿತರೇ? ಸರ್ಕಾರದ ಆಶ್ರಯ ಕೇಂದ್ರಕ್ಕೆ ಯಾಕೆ ಹೋಗುವುದಿಲ್ಲ?
— ಓದುಗರು, ಸಿಂಧನೂರು

ಉತ್ತರ: ಹೌದು, ಅವರೂ ವಸತಿರಹಿತರೇ. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಫುಟ್‌ಪಾತ್, ರೈಲ್ವೆ ಪ್ಲಾಟ್‌ಫಾರ್ಮ್, ಗುಡಿಕಟ್ಟೆ, ಸಿಮೆಂಟ್ ಪೈಪುಗಳಲ್ಲಿದ್ದವರನ್ನು ಎಣಿಸಿದಾಗ ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ. ಒಂದೇ ರಾತ್ರಿಯ ಲೆಕ್ಕ. ರಾತ್ರಿಪಾಳಿ ಕೂಲಿಗೆ ಹೋದವರು ಸುಲಭವಾಗಿ ತಪ್ಪಿಹೋಗುತ್ತಾರೆ.

ನಮ್ಮ ಭಾಗದಲ್ಲಿ ಗುಳೆಯೇ ದೊಡ್ಡ ಕಾರಣ. ಮಳೆ ಕೈಕೊಟ್ಟ ವರ್ಷ ಮೇಸ್ತ್ರಿಯಿಂದ ಮುಂಗಡ ಪಡೆದು ಬೆಂಗಳೂರಿಗೋ ಗೋವಾಕ್ಕೋ ಹೋದವರಿಗೆ ಆ ಸಾಲ ತೀರುವತನಕ ಪೂರ್ತಿ ಕೂಲಿ ಸಿಗದು. ನಡುವೆ ಕಾಯಿಲೆ ಬಿದ್ದರೆ ಬರಿಗೈಲಿ ವಾಪಸು. ಊರಿಗೆ ಮುಖ ತೋರಿಸಲಾಗದೆ ಇಲ್ಲೇ ಉಳಿಯುತ್ತಾರೆ. ದಿನಗೂಲಿ ಸಿಕ್ಕರೂ ಕೋಣೆ ಸಿಗುವುದಿಲ್ಲ: ಬಾಡಿಗೆ ಹೇಗೋ ಹೊಂದಿಸಬಹುದು, ಅಡ್ವಾನ್ಸ್ ಒಟ್ಟಿಗೆ ಎಣಿಸಲಾಗದು. ಬಳ್ಳಾರಿಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ, ಲೋಡಿಂಗ್ ನೆಚ್ಚಿದವರಿಗೂ ಕೂಲಿ ತಪ್ಪಿತು. ಕುಡಿತವೇ ಕಾರಣ ಅನ್ನುವವರಿದ್ದಾರೆ. ಎಷ್ಟೋ ಜನಕ್ಕೆ ಅದು ಬೀದಿಗೆ ಬಿದ್ದ ಮೇಲೆ ಹತ್ತಿದ್ದು.

ಇನ್ನು ಆಶ್ರಯ ಕೇಂದ್ರ. ಲಕ್ಷ ಜನಸಂಖ್ಯೆಗೆ 100 ಮಂದಿಯ ಒಂದು ಕೇಂದ್ರ, ತಲೆಗೆ 50 ಚದರಡಿ, ದಿನದ 24 ಗಂಟೆಯೂ ತೆರೆದಿರಬೇಕು ಎಂಬುದು ನಿಯಮ. ಅದು ಖಾಲಿ ಬೀಳುವುದು ಹೆಚ್ಚಾಗಿ ಜಾಗದ ದೆಸೆಯಿಂದ. ನಸುಕಿನ ಮೊದಲ ಲಾರಿ ಹಿಡಿಯಬೇಕಾದ ಹಮಾಲರು ಎಪಿಎಂಸಿ ಬಿಟ್ಟು ದೂರ ಮಲಗರು. ಗಂಡಸರಿಗೆ ಮಾತ್ರ ಅಂದರೆ ಹೆಂಡತಿ ಮಕ್ಕಳಿರುವವರು ಬಾರರು. ಗಂಟುಮೂಟೆಗೆ ಬೀಗದ ಜಾಗವಿಲ್ಲದಿದ್ದರೂ ಅಷ್ಟೇ.

ಹೆಸರಿನ ಭಯವೂ ಉಂಟು. 'ನಿರಾಶ್ರಿತರ ಪರಿಹಾರ ಕೇಂದ್ರ' ಅನ್ನುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ಒಯ್ಯುವ ಜಾಗ (ಆಸ್ತಿ ತೆರಿಗೆ ಜೊತೆ ನೀವು ಕಟ್ಟುವ ಶೇ 3 ಭಿಕ್ಷುಕರ ಕರ ಇದಕ್ಕೇ). ಆಶ್ರಯ ಕೇಂದ್ರ ಹಾಗಲ್ಲ, ತಾವಾಗಿ ಬಂದು ಹೋಗುವಂಥದ್ದು. ಕರೆಯಲು ಹೋಗುವವರು ಇದನ್ನೇ ಮೊದಲು ಹೇಳಬೇಕು.

ಪ್ರಶ್ನೆ: ನಮ್ಮ ಓಣಿಯಲ್ಲಿ ಮಾನಸಿಕ ಅಸ್ವಸ್ಥೆಯೊಬ್ಬರು ಅಲೆಯುತ್ತಿದ್ದಾರೆ. ಯಾರಿಗೆ ತಿಳಿಸಬೇಕು?
— ಓದುಗರು, ಗಂಗಾವತಿ

ಉತ್ತರ: ಪೊಲೀಸರಿಗೆ, 112ಕ್ಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 100ರಂತೆ ಅವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್‌ನಲ್ಲಿ ಇಡುವಂತಿಲ್ಲ. ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯದೇ ಕೆಲಸ. ಅವರು ಆಡುವ ಭಾಷೆ ಯಾವುದೆಂದು ಗಮನಿಸಿ ತಿಳಿಸಿ. ತೆಲುಗಾದರೆ ಗಡಿಯಾಚೆಯ ಠಾಣೆಗಳಲ್ಲೂ ವಿಚಾರಿಸಬೇಕಾಗುತ್ತದೆ.