ಓದುಗರ ಪ್ರಶ್ನೆ, ನಮ್ಮ ಉತ್ತರ: ಮೆಟ್ಟಿಲ ಮೇಲಿನ ಮನೆಗೆ ಫ್ರಿಜ್ ಹೊರುವ ಬಗೆ

ಪ್ರಶ್ನೆ: ನಾಪೋಕ್ಲು ಸಮೀಪದ ನಮ್ಮ ಮನೆ ರಸ್ತೆಯಿಂದ 62 ಮೆಟ್ಟಿಲು ಮೇಲಿದೆ. ಹೊಸದಾಗಿ ಕೊಂಡ ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಮತ್ತು ಇನ್ವರ್ಟರ್ ಬ್ಯಾಟರಿಯನ್ನು ತಂದವರು ಗೇಟಿನ ಬಳಿಯೇ ಇಳಿಸಿ, ಮೇಲಕ್ಕೆ ಹೊರುವುದು ತಮ್ಮ ಲೆಕ್ಕದಲ್ಲಿಲ್ಲವೆಂದು ಹೇಳಿ ಹೊರಟುಹೋದರು. ಮಳೆ ಬೇರೆ ಹಿಡಿದಿದೆ. ಇವನ್ನು ಸಾಗಿಸುವುದು ಹೇಗೆ?

ಉತ್ತರ: ಇದು ಅಚ್ಚಾಗುವ ಹೊತ್ತಿಗೆ ನಿಮ್ಮ ಫ್ರಿಜ್ ಅಡುಗೆಮನೆ ಸೇರಿರುತ್ತದೆಂದು ನಂಬಿದ್ದೇನೆ. ಆದರೆ ಕೊಡಗಿನಲ್ಲಿ ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡವರು ನೀವೊಬ್ಬರೇ ಅಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಮೂರರಲ್ಲಿ ನೋಡಲು ಚಿಕ್ಕದಾಗಿದ್ದು ಹೊರುವವರನ್ನು ಮೋಸಗೊಳಿಸುವುದು ಬ್ಯಾಟರಿ. 150 ಆಂಪಿಯರ್-ಅವರ್ ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ ಆಮ್ಲ ಸಮೇತ 50ರಿಂದ 60 ಕಿಲೋ ತೂಗುತ್ತದೆ, ಅಂದರೆ ನಮ್ಮಲ್ಲಿ ದರ ಹೇಳುವ 50 ಕಿಲೋ ಕಾಫಿ ಮೂಟೆಗೆ ಸಮ ಅಥವಾ ಅದಕ್ಕಿಂತ ಹೆಚ್ಚು. ಮೂಟೆಯಾದರೆ ಬೆನ್ನಿಗೆ ಒರಗಿಸಿಕೊಳ್ಳಬಹುದು. ಬ್ಯಾಟರಿಯನ್ನು ವಾಲಿಸಿದರೆ ಆಮ್ಲ ಚೆಲ್ಲುತ್ತದೆ, ಆದ್ದರಿಂದ ಅದನ್ನು ನೆಟ್ಟಗೆ ಹಿಡಿದು ಮೈಯಿಂದ ದೂರವಿಟ್ಟುಕೊಂಡೇ ನಡೆಯಬೇಕಾಗುತ್ತದೆ, ಸೊಂಟ ಹಿಡಿಯುವುದು ಇಲ್ಲಿಯೇ. ಬೆನ್ನೆಲುಬಿನ ಹಿಂದಿನ ಸ್ನಾಯುಗಳು ಎಲುಬಿನ ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆ. ನೀವು 20 ಕಿಲೋ ಭಾರವನ್ನು 50 ಸೆಂಟಿಮೀಟರ್ ಮುಂದೆ ಹಿಡಿದರೆ ಆ ಸ್ನಾಯುಗಳು ಹತ್ತುಪಟ್ಟು, ಅಂದರೆ 200 ಕಿಲೋ ಭಾರಕ್ಕೆ ಸಮನಾಗಿ ಬಿಗಿಯಬೇಕು. ಹಾಗಾಗಿ ಎರಡೂ ಹಿಡಿಗಳಿಗೆ ಹಗ್ಗ ಕಟ್ಟಿ, ಗಟ್ಟಿ ಬಿದಿರಿನ ಬೊಂಬಿಗೆ ನೇತುಹಾಕಿ, ಇಬ್ಬರು ಹೆಗಲ ಮೇಲೆ ಹೊರುವುದು ಲೇಸು. ಮೆಟ್ಟಿಲು ಹತ್ತುವಾಗ ಹಗ್ಗ ಕೆಳಗಿನವನ ಕಡೆಗೆ ಜಾರುತ್ತದೆ, ಅದು ಜಾರದಂತೆ ಬೊಂಬಿಗೆ ಗಂಟು ಹಾಕಿ, ಮೇಲಿನವನ ಕಡೆಗೆ ತುಸು ಹೆಚ್ಚು ಸರಿಸಿಕೊಳ್ಳಿ. ಮಳೆಗಾಲದಲ್ಲಿ ಸಿಲ್ವರ್ ಮರ ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲೆಯಲ್ಲಿ ಕೂರುವ ನಮಗೆ ಬ್ಯಾಟರಿಯಿಲ್ಲದೆ ಗತಿಯಿಲ್ಲ. ಮುಂದೊಮ್ಮೆ ಬದಲಾಯಿಸುವಾಗ ಲಿಥಿಯಂ ಬ್ಯಾಟರಿಯನ್ನು ಯೋಚಿಸಬಹುದು: 100 ಆಂಪಿಯರ್-ಅವರಿನದು ಹತ್ತು ಹನ್ನೆರಡು ಕಿಲೋದ ಆಸುಪಾಸಿನಲ್ಲಿರುತ್ತದೆ. ಆದರೆ ಹಳೆಯ ಇನ್ವರ್ಟರಿನ ಚಾರ್ಜಿಂಗ್ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳದೆ ಕೊಳ್ಳಬೇಡಿ.

ವಾಷಿಂಗ್ ಮೆಷಿನ್ನಿನ ಭಾರ ಬೇಕೆಂದೇ ಇಟ್ಟ ಭಾರ. ಒದ್ದೆ ಬಟ್ಟೆಯನ್ನು ನಿಮಿಷಕ್ಕೆ ಸಾವಿರ ಸುತ್ತಿಗಿಂತ ಹೆಚ್ಚು ವೇಗದಲ್ಲಿ ತಿರುಗಿಸುವಾಗ ಯಂತ್ರ ಕುಣಿಯಬಾರದೆಂದು ಅದರ ತೊಟ್ಟಿಗೆ ಕಾಂಕ್ರೀಟಿನ ತುಂಡುಗಳನ್ನು ಬಿಗಿದಿರುತ್ತಾರೆ, ಆದ್ದರಿಂದ ಫ್ರಂಟ್ ಲೋಡ್ ಯಂತ್ರ ಸಾಮಾನ್ಯವಾಗಿ 60 ಕಿಲೋ ದಾಟುತ್ತದೆ. ಅಜ್ಜಿಯ ಒರಳುಕಲ್ಲು ಅಲುಗಾಡದಿರುವುದಕ್ಕೂ ಇದಕ್ಕೂ ಕಾರಣ ಒಂದೇ, ಒರಳುಕಲ್ಲಿಗೆ ಮಾತ್ರ ವಾರಂಟಿ ಕಾರ್ಡ್ ಇರಲಿಲ್ಲ. ಹಿಂಬದಿಯ ಸಾಗಣೆ ಬೋಲ್ಟುಗಳನ್ನು ಹೊರುವಾಗ ತೆಗೆಯಬೇಡಿ. ಜಾಗ ಸೇರಿದ ಮೇಲೆ ತೆಗೆಯದೆ ಚಾಲೂ ಮಾಡಬೇಡಿ.

ಫ್ರಿಜ್ಜಿನ ಕಂಪ್ರೆಸರ್ ಕೆಳತುದಿಯಲ್ಲಿರುವುದರಿಂದ ಕೆಳಗೆ ನಿಂತವನಿಗೆ ಹೆಚ್ಚು ಭಾರ ಬೀಳುತ್ತದೆ, ಬಲಿಷ್ಠನನ್ನು ಅಲ್ಲಿ ನಿಲ್ಲಿಸಿ. ಅಡ್ಡ ಮಲಗಿಸಬೇಕಾಗಿ ಬಂದಿದ್ದರೆ, ಒಳಗಿನ ಎಣ್ಣೆ ಮರಳಿ ಇಳಿಯಲು ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಪ್ಲಗ್ ಚುಚ್ಚಿ. ಒದ್ದೆ ಮೆಟ್ಟಿಲಿನ ಪಾಚಿಗೆ ಮೊದಲು ಪೊರಕೆ ಹಿಡಿಯಿರಿ.

ಪ್ರಶ್ನೆ: ನಮ್ಮಜ್ಜ 100 ಕಿಲೋ ಭತ್ತದ ಮೂಟೆ ಹೊತ್ತು ಕಣದಿಂದ ಮನೆಗೆ ಬರುತ್ತಿದ್ದರಂತೆ. ನನ್ನ ಮಗ 20 ಲೀಟರ್ ನೀರಿನ ಕ್ಯಾನ್ ಎತ್ತಿದರೂ ಏದುಸಿರು ಬಿಡುತ್ತಾನೆ. ಜನ ಇಷ್ಟು ದುರ್ಬಲರಾದರೇ? — ಪೊನ್ನಂಪೇಟೆಯಿಂದ

ಉತ್ತರ: ಅಜ್ಜ ಹೊತ್ತದ್ದು ನಿಜವಿರಬಹುದು, ಆದರೆ ಎತ್ತಿ ಬೆನ್ನಿಗೇರಿಸಿದವರು ಇಬ್ಬರಾದರೂ ಇದ್ದಿರಬೇಕು. ಬೆನ್ನಿಗೆ ಅಂಟಿಕೊಂಡ ಮೂಟೆಯ ಭಾರ ನೇರವಾಗಿ ಕಾಲಿಗೆ ಇಳಿಯುತ್ತದೆ. ಒಂದು ಕೈಯಲ್ಲಿ ತೂಗುವ ನೀರಿನ ಕ್ಯಾನ್ ಮೈಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಒಳಗಿನ ನೀರು ಬೇರೆ ಅಲುಗಾಡುತ್ತದೆ. ತಲೆಯ ಮೇಲೆ ಸಿಂಬೆಯಿಟ್ಟು ಸೌದೆ ಹೊರುವ ಹೆಂಗಸರು ಅಷ್ಟು ದೂರ ನೆಟ್ಟಗೆ ನಡೆಯುವುದು ಇದೇ ಕಾರಣಕ್ಕೆ. ಹಿಂದಿನವರು ಇಳಿಸಿ ಏರಿಸುವ ಕಷ್ಟವನ್ನೂ ಅರಿತಿದ್ದರು. ಕೇರಳದ ಹಳೆಯ ದಾರಿಗಳಲ್ಲಿ ಅತ್ತಾಣಿ, ತಮಿಳುನಾಡಿನಲ್ಲಿ ಸುಮೈತಾಂಗಿ ಎಂದು ಕರೆಯುವ ಕಲ್ಲುಗಳನ್ನು ನಿಲ್ಲಿಸುತ್ತಿದ್ದುದು, ಒಬ್ಬನೇ ನಡೆಯುವವನು ಬಗ್ಗದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಬಗ್ಗದೆ ಮತ್ತೆ ಏರಿಸಿಕೊಳ್ಳಲಿ ಎಂದು.

ಇಷ್ಟಾದರೂ ಆ ದಿನಗಳನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಅಜ್ಜನ ಮೂಟೆಯ ಕಥೆ ಹೇಳುವ ಮನೆಯಲ್ಲಿ ಅಜ್ಜನ ಮಂಡಿನೋವಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಗಾಯವಾಗಬಹುದಾದಷ್ಟು ಭಾರವನ್ನು ಕಾರ್ಮಿಕರಿಂದ ಎತ್ತಿಸಬಾರದೆಂದು 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು ಹೇಳುತ್ತಿತ್ತು, ಆದರೆ ಮನೆಯಂಗಳದಲ್ಲಿ ಹೊರುವವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋಗೆ ಇಳಿದಾಗ, ಉದ್ದೇಶ ಗೊಬ್ಬರದ ಮಿತಬಳಕೆಯಾಗಿದ್ದರೂ, ತೋಟಕ್ಕೆ ಅದನ್ನು ಹೊರುವ ಬೆನ್ನಿಗೂ ಐದು ಕಿಲೋ ಕಡಿಮೆಯಾಯಿತು. ಮಗನನ್ನು ಗದರದೆ ಕ್ಯಾನನ್ನು ಹೆಗಲಿಗೇರಿಸಿಕೊಳ್ಳಲು ಹೇಳಿ.

ಪ್ರಶ್ನೆ: ಅಟ್ಟದಲ್ಲಿರುವ 21 ಅಂಗುಲದ ಹಳೆಯ ಟಿವಿಯನ್ನು ಇಳಿಸಬೇಕು. ಹೊಸ ಟಿವಿ ಒಂದೇ ಕೈಯಲ್ಲಿ ಬರುತ್ತದೆ, ಇದು ಇಷ್ಟು ಭಾರವೇಕೆ? — ಕುಶಾಲನಗರದಿಂದ

ಉತ್ತರ: ಅದರ ಚಿತ್ರನಳಿಗೆಯೊಳಗೆ ಗಾಳಿಯೇ ಇಲ್ಲ. ಹೊರಗಿನ ಗಾಳಿಯ ಒತ್ತಡ ತಡೆಯಲು ಗಾಜು ದಪ್ಪವಿರಬೇಕು, ಕ್ಷ-ಕಿರಣ ತಡೆಯಲು ಗಾಜಿನಲ್ಲಿ ಸೀಸವೂ ಬೆರೆತಿರುತ್ತದೆ. ತಾಮ್ರಕ್ಕಾಗಿ ಅದನ್ನು ಒಡೆಯುವ ಗುಜರಿಯವರಿಗೆ ಕೊಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಅದು ಸೇರಬೇಕು. ಇಳಿಸುವಾಗ ಪರದೆಯ ಮುಖವನ್ನು ನಿಮ್ಮ ಎದೆಗೆ ಆನಿಸಿಕೊಳ್ಳಿ, ಭಾರವೆಲ್ಲ ಆ ಗಾಜಿನಲ್ಲಿದೆ, ಹಿಂದೆ ಚಾಚಿಕೊಂಡ ಡಬ್ಬದಲ್ಲಿ ಅಲ್ಲ.