ಗಡುವು ಹಾಕಿಕೊಳ್ಳದೆ ಮಣ್ಣಿನ ಗಣಪತಿ ಮಾಡಬಹುದೇ?

'ದಿನಾಂಕ ಒಪ್ಪಿಕೊಂಡರೆ ಕೈ ಓಡುವುದಿಲ್ಲ, ಸಮಾಧಾನ ಆಗುವವರೆಗೆ ತಿದ್ದಿ ಕೊಡುತ್ತೇನೆ' ಅಂದಿದ್ದೀರಿ. ನಾನೂ ಹೀಗೇ ಹೇಳುತ್ತಿದ್ದವನು. ಆದರೆ ನೀವು ಹೆದರುತ್ತಿರುವ ಗಡುವೇ ತಪ್ಪು. ಚೌತಿ ಅಲ್ಲ, ಮಣ್ಣಿನಿಂದ ಕೈ ತೆಗೆಯುವ ದಿನವೇ ನಿಮ್ಮ ಗಡುವು.

2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಅಧಿಕಮಾಸ ಬರದಿದ್ದರೆ ಹಬ್ಬ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಗೊತ್ತಿದ್ದೂ 2025ರಲ್ಲಿ ಹಿಂದಿನ ವರ್ಷದ ಲೆಕ್ಕದಲ್ಲೇ ಆಗಸ್ಟ್ 18ರವರೆಗೆ ಸೊಂಡಿಲು ತಿದ್ದುತ್ತ ಕೂತೆ. ತಿದ್ದಿದ್ದು ತಪ್ಪಲ್ಲ, ತಿದ್ದುವಾಗೆಲ್ಲ ನೀರು ಸವರಿದ್ದು ತಪ್ಪು. ಒಣಗಿದ ಮಣ್ಣು ಆ ನೀರು ಕುಡಿದು ಮತ್ತೆ ಹಿಗ್ಗುತ್ತದೆ, ಒಣಗುವ ದಿನಗಳನ್ನು ಮತ್ತೆ ಒಂದರಿಂದ ಎಣಿಸಬೇಕು. ಒಂದಡಿ ಮೂರ್ತಿ ಒಣಗುವಷ್ಟರಲ್ಲಿ ಅರ್ಧ, ಮುಕ್ಕಾಲು ಇಂಚು ಕುಗ್ಗುತ್ತದೆ. ಅವಸರಕ್ಕೆ ಬಲ್ಬ್ ಉರಿಸಿದರೆ ಹೊರಮೈ ಮೊದಲು ಕುಗ್ಗುತ್ತದೆ, ಒಳಗಿನ ಹಸಿ ಮಣ್ಣು ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಕುತ್ತಿಗೆ, ಮಣಿಕಟ್ಟು, ಸೊಂಡಿಲು ಹೊಟ್ಟೆಗೆ ಸೇರುವ ಜಾಗ ಬಿರಿಯುತ್ತವೆ. ಹೊಟ್ಟೆ ಬಿಳಿಚಿತು, ಒಣಗಿತೆಂದು ಡಿಸ್ಟೆಂಪರ್ ಹೊಡೆದೆ. ಪೀಠ ಇನ್ನೂ ಹಸಿಯಿತ್ತು. ಮೂರನೇ ದಿನಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದಿತು.

ಆದ್ದರಿಂದ ಚೌತಿಯಿಂದ ಹಿಂದಕ್ಕೆ ಎಣಿಸಿ. ನೂಲ ಹುಣ್ಣಿಮೆಯಿಂದ ಚೌತಿಗೆ ಹದಿನೆಂಟು, ಹತ್ತೊಂಬತ್ತು ದಿನ. ಮಳೆಗಾಲದ ನೆರಳಿನಲ್ಲಿ ಒಂದಡಿ ಮೂರ್ತಿ ಒಣಗಲು ಹೆಚ್ಚುಕಡಿಮೆ ಎರಡು ವಾರ ಬೇಕು, ಬಣ್ಣಕ್ಕೆ ನಾಲ್ಕು ದಿನ. ಹುಣ್ಣಿಮೆಯ ಸಂಜೆ ನೀರಿನ ಬಟ್ಟಲನ್ನು ಎತ್ತಿ ಒಳಗಿಡಿ. ಎರಡಡಿಯ ಮೂರ್ತಿಯಾದರೆ ನಾಗರಪಂಚಮಿಗೇ. ಪೀಠವನ್ನು ಕೆಳಗಿನಿಂದ ಟೊಳ್ಳು ಮಾಡಿ, ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಲಿ. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಮಣ್ಣಿಗೆ ನಾದಿ, ಉಂಡೆ ಉಳಿದರೆ ಅಲ್ಲೇ ಸೀಳುತ್ತದೆ. ಒಣಗಿದೆಯೇ ನೋಡಲು ಕಣ್ಣನ್ನು ನಂಬಬೇಡಿ. ಪೀಠದ ಅಡಿಗೆ ಕೆನ್ನೆ ತಾಗಿಸಿ, ತಣ್ಣಗೆನಿಸಿದರೆ ಒಳಗೆ ನೀರಿದೆ.

ಕೂದಲೆಳೆ ಬಿರುಕಿಗೆ ಹಸಿ ಮಣ್ಣು ಮೆತ್ತಬೇಡಿ, ಅದು ಕುಗ್ಗಿ ಉದುರುತ್ತದೆ. ಒಣ ಮಣ್ಣಿನ ಪುಡಿಯನ್ನು ಅಂಟಿನ ಜೊತೆ ಕಲಸಿ ತುಂಬಿ.

ಸಮಾಧಾನ ಆಗುವವರೆಗೆ ತಿದ್ದುವ ಆಸೆಯನ್ನು ಮೂರ್ತಿಯ ಕಣ್ಣು ಬರೆಯುವುದಕ್ಕೆ ಇಟ್ಟುಕೊಳ್ಳಿ. ಅಲ್ಲಿ ಬೇಕಾಗುವುದು ಒಣ ಮೈ, ಸಣ್ಣ ಕುಂಚ, ಬೆಳಗಿನ ಬೆಳಕು. ಗೌರಿ ತದಿಗೆಯ ದಿನವೂ ಅದಕ್ಕೆ ತಡವಲ್ಲ.