ಹಾಜರಿ ಬೇಕೋ, ಕಲಿಕೆ ಬೇಕೋ?

ಶಹಾಪುರದ ಪದವಿ ಕಾಲೇಜಿನ ಉಪನ್ಯಾಸಕರೊಬ್ಬರ ಪತ್ರ: "ಆನ್‌ಲೈನ್ ಪಾಠ ನಮ್ಮ ಕಡೆ ಹುಡುಗರಿಗೆ ಆಗಿಬರಲ್ಲ. ದಿನವಿಡೀ ರೀಲ್ಸ್ ನೋಡ್ತಾರೆ, ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಕೋರ್ಸಿಗೆ ಸೇರಿ ಅಂದರೆ ನೆಟ್‌ವರ್ಕ್ ಇಲ್ಲ ಅಂತಾರೆ. ಸುಮ್ನೆ ಯಾಕೆ ಒದ್ದಾಟ?"

ಸಂಪಾದಕರ ಉತ್ತರ:

ಮಾಸ್ತರ್ರೆ, ರೀಲ್ಸ್ ವಿಷಯ ಒಪ್ಪಿದೆ. ನನ್ನ ಒಪ್ಪಿಗೆ ಅಲ್ಲಿಗೆ ಮುಗಿಯಿತು.

ನೆಟ್‌ವರ್ಕ್ ಇಲ್ಲ ಅನ್ನೋದು ಬರೀ ನೆಪವೇ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ನೋಡಿ. ದೇಶದ ಹಳ್ಳಿಗಳಲ್ಲಿ ನೂರಕ್ಕೆ 4.4 ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಇಂಟರ್ನೆಟ್ ಸಿಗುತ್ತಿದ್ದದ್ದು 14.9 ಮನೆಗಳಿಗೆ. ಆಮೇಲೆ ಫೋನು ಜಾಸ್ತಿಯಾದವು, ನಿಜ. ಆದರೆ ಮನೆಗೊಂದೇ ಫೋನಿದ್ದರೆ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ. ಮಗಳ ಕ್ಲಾಸು ಹನ್ನೊಂದಕ್ಕೆ!

ನನ್ನ ತಕರಾರು ಈ ಲೈವ್ ಕ್ಲಾಸಿನ ಹಟದ ಮೇಲೆ. ಒಂದು ಗಂಟೆಯ ವಿಡಿಯೊ ಕ್ಲಾಸು ನೂರಾರು ಎಂಬಿ ನುಂಗುತ್ತದೆ. ಅದನ್ನೇ ಬರೀ ದನಿಯಾಗಿ, ಸೆಕೆಂಡಿಗೆ 32 ಕಿಲೊಬಿಟ್ (ಕೆಬಿಪಿಎಸ್) ಲೆಕ್ಕದಲ್ಲಿ ಉಳಿಸಿದರೆ ಸುಮಾರು 15 ಎಂಬಿ. ಜೊತೆಗೆ ಬೋರ್ಡಿನ ನಾಲ್ಕು ಫೋಟೊ ಸಾಕು. ಸಿಗ್ನಲ್ ಸಿಕ್ಕ ಕಡೆ ಇಳಿಸಿಕೊಂಡು, ಬೇಕಾದಾಗ ಕೇಳಬಹುದು. ಇದು ಬೇಡವಾಗಿರುವುದು ಹಾಜರಿ ಹಿಡಿಯುವವರಿಗೆ ಮಾತ್ರ.

ಪುಣೆಯಲ್ಲಿ ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಬಿಎ ಹುಡುಗನೊಬ್ಬ ಸಿಕ್ಕಿದ್ದ. ಮನೆಯವರ ಜೊತೆ ಗುಳೆ ಬಂದವನು. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಇತಿಹಾಸದ ಪಾಠ ಕೇಳುತ್ತಿದ್ದ. ಯಾರೋ ಮಾಸ್ತರು ವಾಟ್ಸಾಪಿನಲ್ಲಿ ಕಳಿಸಿದ್ದಂತೆ. ಆನ್‌ಲೈನ್ ಪಾಠ ಆಗಿಬರೋದೇ ಇಂಥವನಿಗೆ ಅಲ್ವಾ?

ಇನ್ನು 'ಸ್ವಯಂ'. 2017ರಲ್ಲಿ ಶುರುವಾಯಿತು. ಕಲಿಯಲು ಪುಕ್ಕಟೆ, ಪರೀಕ್ಷೆಗೆ ಮಾತ್ರ ಶುಲ್ಕ. ಸೆಮಿಸ್ಟರಿನ ಶೇ 40ರಷ್ಟು ಕೋರ್ಸು ಅಲ್ಲಿಂದ ತೆಗೆದುಕೊಳ್ಳಬಹುದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ನಿಯಮ ಮಾಡಿದೆ. ಆದರೆ ಪಾಠ ಬಹುಪಾಲು ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದಿಂದ ಬಂದವಳು ಮೂರನೇ ವಾರಕ್ಕೆ ಕೈಬಿಟ್ಟರೆ ಸೋಮಾರಿ ಅನ್ನಬೇಕೇ? ಇಂಥ ಕೋರ್ಸುಗಳನ್ನು ಅಮೆರಿಕದವರೇ ಅರ್ಧಕ್ಕೆ ಬಿಡುತ್ತಾರೆ. ನಿಮ್ಮಂಥವರು ವಾರಕ್ಕೊಮ್ಮೆ ಜೊತೆಗೆ ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅವಳು ನಿಲ್ಲುತ್ತಾಳೆ. ಪತ್ರ ಬರೆಯುವಷ್ಟು ಕಳಕಳಿ ಇದೆಯಲ್ಲ ನಿಮಗೆ!

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ವಿಶ್ವವಿದ್ಯಾಲಯಗಳಿಗೇನೂ ಬರವಿಲ್ಲ. 1980ರಲ್ಲಿ ಗುಲ್ಬರ್ಗ, 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿವಿ, ಆಮೇಲೆ ರಾಯಚೂರು, ಬೀದರ್. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅನುದಾನವೂ ಬಂತು. ದುಡ್ಡು ಬಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಕಟ್ಟಡ, ಕಮಾನು, ಶಂಕುಸ್ಥಾಪನೆಯ ಕಲ್ಲು. ಕನ್ನಡದಲ್ಲಿ ಪಾಠ ರೆಕಾರ್ಡ್ ಮಾಡುವವರಿಗೆ ಸಂಭಾವನೆ ಕೊಡಿ ಅಂದರೆ ಬಜೆಟ್ಟಿನಲ್ಲಿ ಅದಕ್ಕೆ ಜಾಗವಿಲ್ಲ. ಅತಿಥಿ ಉಪನ್ಯಾಸಕರ ಸಂಬಳದ ಕಥೆ ಬೇರೆ ಹೇಳಬೇಕೇ?

ಮುಂದಿನ ಪತ್ರದಲ್ಲಿ ಒಂದು ವಿಷಯ ತಿಳಿಸಿ. ನಿಮ್ಮ ಕಾಲೇಜಿನ ವೈಫೈ ಪಾಸ್‌ವರ್ಡ್ ಯಾರ ಹತ್ತಿರ ಇದೆ?